ಫ್ರಾನ್ಸಿನ ಕ್ಲಬ್ ಚೆಸ್ ಲೀಗ್‌ನಲ್ಲಿ ಎಂಟು ಆಟಗಳ ಪಂದ್ಯ 4–2 ಎಂದು ಮುಗಿಯುವುದು ಹೇಗೆ? ಯಾವ ಆಟಗಾರ ಚೆನ್ನಾಗಿ ಆಡಿದ್ದಾನೆ ಎಂದು ಪಟ್ಟಿಯಿಂದ ತಿಳಿಯುವುದು ಹೇಗೆ?

ನೀವು ಮೂರು ಸಂದೇಹಗಳನ್ನು ಒಟ್ಟಿಗೆ ಕೇಳಿದ್ದೀರಿ. ಎಂಟು ಬೋರ್ಡ್‌ಗಳಲ್ಲಿ ನಡೆದ ಪಂದ್ಯದ ಫಲಿತಾಂಶ 4–2 ಎಂದಿದ್ದರೆ ಉಳಿದ ಎರಡು ಆಟಗಳು ಎಲ್ಲಿ ಹೋದವು ಎನ್ನುವುದು ಮೊದಲನೆಯದು. ಎಂಟೇ ಜನ ಆಡುವ ತಂಡದ ಪಟ್ಟಿಯಲ್ಲಿ ಹನ್ನೆರಡು ಹದಿನಾಲ್ಕು ಹೆಸರುಗಳೇಕೆ, ಅವರಲ್ಲಿ ಕೆಲವರು ಎಲ್ಲ ಸುತ್ತುಗಳಲ್ಲಿ ಆಡಿ ಇನ್ನು ಕೆಲವರು ಎರಡೇ ಸುತ್ತು ಆಡಿ ಹೋಗುವುದೇಕೆ ಎನ್ನುವುದು ಎರಡನೆಯದು. ಒಂಬತ್ತು ಆಟಗಳಲ್ಲಿ ಏಳು ಅಂಕ ಪಡೆದವನಿಗಿಂತ ನಾಲ್ಕೂವರೆ ಪಡೆದವನ ಆಟವನ್ನು ಬಲ್ಲವರು ಏಕೆ ಹೆಚ್ಚು ಮೆಚ್ಚುತ್ತಾರೆ ಎನ್ನುವುದು ಮೂರನೆಯದು. ನಾನು ಕೆಲವು ವರ್ಷಗಳಿಂದ ಫ್ರಾನ್ಸಿನಲ್ಲಿದ್ದು, ಒಂದು ಸಣ್ಣ ಪಟ್ಟಣದ ಕ್ಲಬ್ಬಿನ ಪರವಾಗಿ ಇದೇ ಲೀಗ್‌ನ ಕೆಳಗಿನ ವಿಭಾಗವೊಂದರಲ್ಲಿ ಆಡುತ್ತಿದ್ದೇನೆ. ಮೊದಲ ವರ್ಷ ಈ ಮೂರೂ ಸಂದೇಹಗಳು ನನ್ನನ್ನೂ ಕಾಡಿದ್ದವು.

ಮೊದಲು 4–2ರ ವಿಷಯ. ಜರ್ಮನಿಯ ಚೆಸ್ ಲೀಗ್ ಆದ ಬುಂಡೆಸ್‌ಲಿಗಾದಲ್ಲಾಗಲಿ, ದೇಶಗಳ ತಂಡಗಳ ನಡುವೆ ನಡೆಯುವ, ನಮ್ಮವರೂ ಆಡುವ ಚೆಸ್ ಒಲಿಂಪಿಯಾಡ್‌ನಲ್ಲಾಗಲಿ ಡ್ರಾ ಆದರೆ ಎರಡೂ ಕಡೆಗೆ ಅರ್ಧರ್ಧ ಅಂಕ ಸೇರುತ್ತದೆ. ಹಾಗಾಗಿ ಎಂಟು ಆಟಗಳ ಪಂದ್ಯದಲ್ಲಿ ಎರಡೂ ಕಡೆಯ ಅಂಕಗಳನ್ನು ಕೂಡಿದರೆ ಎಂಟೇ ಬರುತ್ತದೆ. ಫ್ರೆಂಚ್ ಚೆಸ್ ಫೆಡರೇಷನ್ ನಡೆಸುವ ಕ್ಲಬ್ ಲೀಗ್‌ನಲ್ಲಿ ಪಂದ್ಯದ ಲೆಕ್ಕಕ್ಕೆ ಡ್ರಾ ಸೇರುವುದೇ ಇಲ್ಲ. ಗೆದ್ದ ಆಟಕ್ಕೆ ಒಂದು, ಸೋತ ಆಟಕ್ಕೆ ಸೊನ್ನೆ, ಡ್ರಾ ಆದ ಆಟದ ಎದುರು ಎರಡೂ ಬದಿಯಲ್ಲಿ ‘ಎಕ್ಸ್’ ಗುರುತು. ಆದ್ದರಿಂದ ನೀವು ನೋಡಿದ 4–2ರಲ್ಲಿ ಕಾಣದಿರುವ ಎರಡು ಆಟಗಳು ಡ್ರಾ ಆದವು. ನಮಗೆ ರೂಢಿಯಿರುವ ರೀತಿಯಲ್ಲಿ ಬರೆದರೆ ಅದು 5–3. ಇದೇ ಕಾರಣಕ್ಕೆ ಕೆಲವೊಮ್ಮೆ 1–0 ಎಂಬ ಫಲಿತಾಂಶವೂ ಕಾಣಿಸುತ್ತದೆ. ಏಳು ಆಟಗಳು ಡ್ರಾ ಆಗಿ, ಒಂದೇ ಒಂದು ಬೋರ್ಡ್‌ನಲ್ಲಿ ಗೆಲುವು ಬಂದಿದೆ ಎಂದು ಅದರ ಅರ್ಥ. ಫುಟ್‌ಬಾಲ್ ಪಂದ್ಯದ ಫಲಿತಾಂಶದಂತೆ ಕಾಣುವ ಆ 1–0ರ ಹಿಂದೆ ಎಂಟು ಜೋಡಿ ಆಟಗಾರರು ನಾಲ್ಕೈದು ಗಂಟೆ ಕುಳಿತಿರುತ್ತಾರೆ.

ಇದರ ಜೊತೆಗೆ ಇನ್ನೊಂದು ಕಟ್ಟುನಿಟ್ಟಾದ ನಿಯಮವಿದೆ. ಆಟಗಾರ ಬಾರದೆ ಬೋರ್ಡ್ ಖಾಲಿ ಉಳಿದರೆ ಆ ತಂಡಕ್ಕೆ ಸೊನ್ನೆಯ ಬದಲು ಋಣ ಒಂದು, ಅಂದರೆ ಲೆಕ್ಕದಿಂದ ಒಂದು ಅಂಕ ಕಡಿತ. ಇಡೀ ಪಂದ್ಯ ಗೆದ್ದ ತಂಡಕ್ಕೆ ಲೀಗ್ ಪಟ್ಟಿಯಲ್ಲಿ ಮೂರು ಅಂಕ, ಸಮವಾದರೆ ಎರಡು, ಸೋತರೂ ಒಂದು ಅಂಕ ಸಿಗುತ್ತದೆ. ಸೊನ್ನೆ ಸಿಗುವುದು ತಂಡವೇ ಪಂದ್ಯಕ್ಕೆ ಬಾರದಿದ್ದಾಗ. ಕೆಳಗಿನ ವಿಭಾಗಗಳಲ್ಲಿ ಭಾನುವಾರ ಮಧ್ಯಾಹ್ನ ನೂರು ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದು ಸೋಲುವ ತಂಡಗಳನ್ನು ಕಂಡಿರುವ ನನಗೆ ಆ ಒಂದು ಅಂಕ ನ್ಯಾಯವಾದದ್ದೆಂದೇ ತೋರುತ್ತದೆ. ಎರಡು ತಂಡಗಳು ಲೀಗ್ ಅಂಕದಲ್ಲಿ ಸಮನಾಗಿ ನಿಂತರೆ, ಋತುವಿನುದ್ದಕ್ಕೂ ಗೆದ್ದ ಆಟಗಳಿಂದ ಸೋತ ಆಟಗಳನ್ನು ಕಳೆದು ಬರುವ ವ್ಯತ್ಯಾಸವನ್ನು ನೋಡುತ್ತಾರೆ. ಮುಖ್ಯ ಮಾತೆಂದರೆ, ಡ್ರಾ ಇಲ್ಲವಾಗುವುದು ತಂಡದ ಲೆಕ್ಕದಲ್ಲಿ ಮಾತ್ರ. ಆಟಗಾರನ ವೈಯಕ್ತಿಕ ಸಾಲಿನಲ್ಲಿ ಅದು ಅರ್ಧ ಅಂಕವಾಗಿಯೇ ಉಳಿಯುತ್ತದೆ, ಆಟಗಾರನ ಬಲವನ್ನು ಅಳೆಯುವ ಸಂಖ್ಯೆಯಾದ ರೇಟಿಂಗ್‌ನ ಲೆಕ್ಕಕ್ಕೂ ಅರ್ಧ ಅಂಕವಾಗಿಯೇ ಹೋಗುತ್ತದೆ. ಪಂದ್ಯದ ಫಲಿತಾಂಶ ಬರೆಯುವ ಒಂದೇ ಹಾಳೆಯ ಮೇಲೆ ಎರಡು ಬಗೆಯ ಲೆಕ್ಕಗಳು ಒಟ್ಟಿಗೆ ನಡೆಯುತ್ತಿವೆ ಎಂಬುದನ್ನು ಗಮನದಲ್ಲಿಟ್ಟುಕೊಂಡರೆ ನಿಮ್ಮ ಗೊಂದಲದ ಬಹುಪಾಲು ಪರಿಹಾರವಾಗುತ್ತದೆ.

ಹಾಳೆಯನ್ನು ಓದುವಾಗ ಎಡವುವ ಇನ್ನೊಂದು ಜಾಗವನ್ನೂ ಹೇಳಿಬಿಡುತ್ತೇನೆ. ಬೋರ್ಡ್ ಸಂಖ್ಯೆಯ ಪಕ್ಕದಲ್ಲಿ ‘ಬಿ’ ಅಥವಾ ‘ಎನ್’ ಎಂಬ ಅಕ್ಷರವಿರುತ್ತದೆ. ಇಂಗ್ಲಿಷ್ ಓದಿ ಬೆಳೆದ ನಮಗೆ ‘ಬಿ’ ಕಂಡ ಕೂಡಲೇ ಕಪ್ಪು ಕಾಯಿ ಎಂದು ಅನ್ನಿಸುತ್ತದೆ. ಆದರೆ ಅದು ‘ಬ್ಲಾಂ’, ಅಂದರೆ ಬಿಳಿ. ಕಪ್ಪಿಗೆ ‘ನ್ವಾರ್’, ಆದ್ದರಿಂದ ‘ಎನ್’. ಮೊದಲ ಪಂದ್ಯದ ದಿನ ನಾನು ಇದೇ ತಪ್ಪು ತಿಳಿವಳಿಕೆಯಿಂದ ಬೋರ್ಡ್‌ನ ತಪ್ಪು ಬದಿಯಲ್ಲಿ ಕುಳಿತಿದ್ದೆ; ಎದುರಾಳಿಯಾಗಿದ್ದ ಹಿರಿಯರು ಏನೂ ಹೇಳದೆ ಕುರ್ಚಿಯನ್ನು ತೋರಿಸಿ ನಕ್ಕರು. ರೇಟಿಂಗ್ ಸಂಖ್ಯೆಯ ಮುಂದೆಯೂ ಒಂದು ಅಕ್ಷರವಿರುತ್ತದೆ. ‘ಎಫ್’ ಎಂದರೆ ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಡೆಯ ರೇಟಿಂಗ್, ‘ಎನ್’ ಎಂದರೆ ಫ್ರಾನ್ಸಿನ ರಾಷ್ಟ್ರೀಯ ರೇಟಿಂಗ್, ‘ಇ’ ಎಂದರೆ ಇನ್ನೂ ಸಾಕಷ್ಟು ಆಟಗಳಿಲ್ಲದವರಿಗೆ ಅಂದಾಜಿನಿಂದ ಕೊಟ್ಟದ್ದು. ಕೆಳಗಿನ ವಿಭಾಗಗಳಲ್ಲಿ ‘ಇ’ ಇರುವ ಎದುರಾಳಿಯ ಸಂಖ್ಯೆಯನ್ನು ನಂಬಿ ಯಾರ ಸಾಧನೆಯನ್ನೂ ಅಳೆಯಬೇಡಿ. ಈಚೆಗೆ ಕಲಿತು ಚುರುಕಾಗಿರುವ ಹದಿಮೂರು ವರ್ಷದ ಹುಡುಗಿಯೊಬ್ಬಳು ಆ ಅಂದಾಜಿನ ಹಿಂದೆ ಕುಳಿತಿರಬಹುದು.

ಇನ್ನು ತಂಡದ ಪಟ್ಟಿಯ ವಿಷಯ. ಮೇಲಿನ ವಿಭಾಗವನ್ನು ಕೆಲವು ವರ್ಷ ಹನ್ನೆರಡು ತಂಡಗಳಿಗೆ ಸೀಮಿತಗೊಳಿಸಿ ‘ಟಾಪ್ 12’ ಎಂದು ಕರೆದರು. ಅದಕ್ಕೂ ಮೊದಲು ಹದಿನಾರು ತಂಡಗಳ ‘ಟಾಪ್ 16’ ಇತ್ತು, ಆಮೇಲೆ ಮತ್ತೆ ಅದೇ ಬಂತು. ಅದರ ಕೆಳಗೆ ‘ನಾಸಿಯೊನಾಲ್’ 1, 2, 3, 4 ಎಂಬ ವಿಭಾಗಗಳಿವೆ, ಅವುಗಳ ಕೆಳಗೆ ಪ್ರಾಂತ್ಯ ಮತ್ತು ಜಿಲ್ಲೆಯ ಮಟ್ಟದ ಪಂದ್ಯಗಳಿವೆ. ಟಾಪ್ 12 ಕಾಲದಲ್ಲಿ ಹನ್ನೆರಡೂ ತಂಡಗಳು ಒಂದೇ ಊರಿನಲ್ಲಿ ಸೇರಿ, ದಿನಕ್ಕೊಂದರಂತೆ ಹನ್ನೊಂದು ಸುತ್ತುಗಳಲ್ಲಿ ಎಲ್ಲರೂ ಎಲ್ಲರನ್ನೂ ಎದುರಿಸುತ್ತಿದ್ದರು. ಲೆಕ್ಕ ಹಾಕಿದರೆ 66 ಪಂದ್ಯಗಳು, 528 ಆಟಗಳು. ದೊಡ್ಡ ಗ್ರ್ಯಾಂಡ್‌ಮಾಸ್ಟರ್‌ಗಳಿಗೆ ಹನ್ನೊಂದು ದಿನ ಬಿಡುವು ಸಿಗುವುದು ಅಪರೂಪ. ಅವರಲ್ಲಿ ಅನೇಕರು ಬೇರೆ ದೇಶಗಳ ಲೀಗ್‌ಗಳಲ್ಲಿಯೂ ಆಡುತ್ತಾರೆ. ನಮ್ಮ ವಿಶ್ವನಾಥನ್ ಆನಂದ್ ಅವರು ಜರ್ಮನಿಯಲ್ಲಿ ಬಾಡೆನ್-ಬಾಡೆನ್ ಪರವಾಗಿ ಆಡಿದ್ದು ನಿಮಗೆ ಗೊತ್ತಿರಬಹುದು. ಈ ಪದ್ಧತಿ ಯುರೋಪಿನಲ್ಲೆಲ್ಲ ಇದೆ. ಹಾಗಾಗಿ ಕ್ಲಬ್ಬಿನವರು ಹನ್ನೆರಡು ಹದಿನಾಲ್ಕು ಜನರನ್ನು ನೋಂದಾಯಿಸಿಕೊಂಡು, ಪ್ರಬಲ ತಂಡ ಎದುರಾಗುವ ಸುತ್ತುಗಳಿಗೆ ಕೆಲವರನ್ನು ಕರೆಸಿಕೊಳ್ಳುತ್ತಾರೆ. ಒಬ್ಬರ ಎದುರು ಎರಡೇ ಆಟಗಳು ಕಂಡರೆ, ಆ ಎರಡು ಸುತ್ತುಗಳಲ್ಲಿ ಎದುರಾಳಿ ತಂಡ ಯಾವುದಿತ್ತು ಎಂದು ಹುಡುಕಿ ನೋಡಿ. ಹೆಚ್ಚಿನ ಸಲ ಪಟ್ಟಿಯ ಮೇಲ್ಭಾಗದ ತಂಡವೇ ಆಗಿರುತ್ತದೆ.

ಕೆಳಗಿನ ವಿಭಾಗಗಳಲ್ಲಿ ಹೆಸರು ಮಾಯವಾಗುವುದಕ್ಕೆ ಬೇರೆಯೇ ಕಾರಣವಿದೆ. ಒಂದೇ ಕ್ಲಬ್ಬಿಗೆ ಹಲವು ತಂಡಗಳಿರುತ್ತವೆ. ಮೇಲಿನ ತಂಡದಲ್ಲಿ ಮೂರು ಸಲ ಆಡಿದವನು ಆ ಋತುವಿನಲ್ಲಿ ಕೆಳಗಿನ ತಂಡಕ್ಕೆ ಇಳಿಯುವಂತಿಲ್ಲ. ಅಂಥವನನ್ನು ಇಲ್ಲಿಯವರು ‘ಬ್ರ್ಯುಲೆ’, ಅಂದರೆ ಸುಟ್ಟುಹೋದವನು ಎನ್ನುತ್ತಾರೆ. ನಮ್ಮ ನಾಯಕರು ಯಾರನ್ನಾದರೂ ಮೇಲಿನ ತಂಡಕ್ಕೆ ಎರವಲು ಕೊಡುವಾಗ ಎರಡರ ತನಕ ಎಣಿಸುತ್ತಾರೆ, ಮೂರನೆಯ ಸಲ ಕೇಳಿದಾಗ ಯೋಚಿಸುತ್ತಾರೆ. ಎರಡು ಆಟ ಆಡಿ ನಿಂತ ಹೆಸರನ್ನು ನೋಡಿ ಅವನನ್ನು ಕೈಬಿಟ್ಟಿದ್ದಾರೆ ಎಂದುಕೊಳ್ಳಬೇಡಿ. ಉಳಿಸಿಕೊಂಡಿದ್ದಾರೆ ಎಂದೂ ಇರಬಹುದು.

ಮೇಲಿನ ವಿಭಾಗದ ಪಟ್ಟಿಯಲ್ಲಿ ನಾನು ಮೊದಲು ಹುಡುಕುವುದು ಮಹಿಳಾ ಆಟಗಾರ್ತಿಯ ಸಾಲನ್ನು. ಪ್ರತಿ ಪಂದ್ಯದಲ್ಲಿಯೂ ಎಂಟರಲ್ಲಿ ಕನಿಷ್ಠ ಒಬ್ಬ ಮಹಿಳೆ ಆಡಲೇಬೇಕು ಎನ್ನುವುದು ನಿಯಮ. ಬೋರ್ಡ್‌ಗಳ ಕ್ರಮ ರೇಟಿಂಗ್ ಅನುಸರಿಸುವುದರಿಂದ ಆಕೆ ಸಾಮಾನ್ಯವಾಗಿ ಏಳು ಅಥವಾ ಎಂಟನೆಯ ಬೋರ್ಡ್‌ನಲ್ಲಿ ಕುಳಿತಿರುತ್ತಾಳೆ, ಎದುರಿನ ತಂಡದ ಆಟಗಾರ್ತಿಯೂ ಅನೇಕ ಸಲ ಅಲ್ಲಿಯೇ ಇರುತ್ತಾಳೆ. ಮೊದಲ ಬೋರ್ಡ್‌ಗಳಲ್ಲಿ 2600ರ ಮೇಲಿನ ಗ್ರ್ಯಾಂಡ್‌ಮಾಸ್ಟರ್‌ಗಳು ಪರಸ್ಪರ ಡ್ರಾ ಮಾಡಿಕೊಳ್ಳುವುದು ಸಹಜ, ಡ್ರಾಗಳಿಗೆ ಪಂದ್ಯದಲ್ಲಿ ಬೆಲೆಯೂ ಇಲ್ಲ. ಹೀಗಿರುವಾಗ ಕೊನೆಯ ಎರಡು ಬೋರ್ಡ್‌ಗಳ ಗೆಲುವು ಸೋಲುಗಳೇ ಇಡೀ ಪಂದ್ಯವನ್ನು ತೀರ್ಮಾನಿಸಿಬಿಡುತ್ತವೆ. ಪತ್ರಿಕೆಗಳ ಕಣ್ಣು ಮೊದಲ ಬೋರ್ಡ್‌ನ ಮೇಲಿರುತ್ತದೆ. ತಂಡದ ನಾಯಕನ ಕಣ್ಣು ಎಂಟನೆಯದರ ಮೇಲೆ. ಬದಲಿ ಆಟಗಾರ್ತಿ ಇಲ್ಲದ ಕ್ಲಬ್‌ಗಳಲ್ಲಿ ಆಕೆ ಒಂದು ದಿನವೂ ವಿಶ್ರಾಂತಿ ಇಲ್ಲದೆ ಹನ್ನೊಂದು ಸುತ್ತುಗಳನ್ನೂ ಆಡಬೇಕಾಗುತ್ತದೆ. ಹಾಗೆ ಆಡಿ 6 ಅಂಕ ತಂದವಳ ಸಾಲು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕ್ಲಬ್‌ಗಳ ಹೆಸರುಗಳ ಬಗ್ಗೆ ಒಂದೆರಡು ಮಾತು, ಏಕೆಂದರೆ ಪಟ್ಟಿಯಲ್ಲಿ ಅವು ಬರಿಯ ಊರುಗಳ ಹೆಸರಾಗಿ ಕಾಣುತ್ತವೆ. ಪ್ಯಾರಿಸ್ ಪಕ್ಕದ ಕ್ಲಿಶಿ ಈ ಲೀಗ್‌ನಲ್ಲಿ ಬಹುಕಾಲ ಬಲಾಢ್ಯವಾಗಿದ್ದ ಕ್ಲಬ್. ಮ್ಯಾಕ್ಸಿಮ್ ವಾಶಿಯೇ-ಲಾಗ್ರಾವ್, ಲೋರಾಂ ಫ್ರೆಸಿನೆ ಅಂಥ ಫ್ರಾನ್ಸಿನ ಗ್ರ್ಯಾಂಡ್‌ಮಾಸ್ಟರ್‌ಗಳು ಅದರ ಪರವಾಗಿ ವರ್ಷಗಟ್ಟಲೆ ಆಡಿದರು. ಅಲ್ಸಾಸ್ ಪ್ರಾಂತ್ಯದ ಸಣ್ಣ ಊರು ಬಿಶ್ವಿಲೇರ್, ಇನ್ನೊಬ್ಬ ಗ್ರ್ಯಾಂಡ್‌ಮಾಸ್ಟರ್ ಎಟಿಯೆನ್ ಬಾಕ್ರೊ ಇದ್ದ ತಂಡದೊಂದಿಗೆ ಕ್ಲಿಶಿಗೆ ಸರಿಸಮನಾಗಿ ನಿಂತಿತು. 21ನೇ ಶತಮಾನದ ಆರಂಭದಲ್ಲಿ ನಹೆದ್ ಓಜೆ ಎಂಬ ಮಹಿಳೆಯ ಹಣದ ಬೆಂಬಲದಿಂದ ಪ್ಯಾರಿಸ್‌ನಲ್ಲಿ ಎದ್ದ ಎನ್‌ಎಒ ಚೆಸ್ ಕ್ಲಬ್ 2003 ಮತ್ತು 2004ರಲ್ಲಿ ಯುರೋಪಿನ ಕ್ಲಬ್ ಕಪ್ಪನ್ನೇ ಗೆದ್ದಿತು, ಆ ಬೆಂಬಲ ನಿಂತ ಮೇಲೆ 2006ರಲ್ಲಿ ಅದರ ಕಥೆಯೂ ಮುಗಿಯಿತು. ಹೀಗಾಗಿ ಒಬ್ಬ ಆಟಗಾರನ ಹಳೆಯ ಫಲಿತಾಂಶಗಳನ್ನು ಹುಡುಕುವಾಗ ಕ್ಲಬ್ಬಿನ ಹೆಸರನ್ನು ಹಿಡಿದು ಹೊರಟರೆ ದಾರಿ ನಡುವೆಯೇ ಕಡಿದುಹೋಗುತ್ತದೆ. ಆಟಗಾರನ ಹೆಸರನ್ನೇ ಹಿಡಿದು ಹುಡುಕಬೇಕು.

ಈಗ ನಿಮ್ಮ ಮೂರನೆಯ ಪ್ರಶ್ನೆ. ಒಂದು ಲೆಕ್ಕವನ್ನು ಬಿಡಿಸಿ ತೋರಿಸುತ್ತೇನೆ. 2580 ರೇಟಿಂಗ್ ಇರುವ ಒಬ್ಬ ಮೊದಲ ಬೋರ್ಡ್‌ನಲ್ಲಿ ಒಂಬತ್ತು ಆಟ ಆಡಿ ನಾಲ್ಕೂವರೆ ಅಂಕ ಪಡೆದ, ಅವನ ಎದುರಾಳಿಗಳ ಸರಾಸರಿ 2640 ಎಂದುಕೊಳ್ಳಿ. 2400 ರೇಟಿಂಗ್ ಇರುವ ಇನ್ನೊಬ್ಬ ಎಂಟನೆಯ ಬೋರ್ಡ್‌ನಲ್ಲಿ ಒಂಬತ್ತು ಆಟ ಆಡಿ ಏಳು ಅಂಕ ಪಡೆದ, ಅವನ ಎದುರಾಳಿಗಳ ಸರಾಸರಿ 2180. ಫಿಡೆಯ ಕೋಷ್ಟಕದ ಪ್ರಕಾರ ತನಗಿಂತ 60 ಅಂಕ ಮೇಲಿನವರ ಎದುರು ನಿರೀಕ್ಷಿತ ಗಳಿಕೆ ಆಟವೊಂದಕ್ಕೆ 0.42. ಒಂಬತ್ತು ಆಟಗಳಿಗೆ 3.78 ಆಗುತ್ತದೆ. ಮೊದಲನೆಯವನು ಅದಕ್ಕಿಂತ 0.72ರಷ್ಟು ಹೆಚ್ಚು ತಂದಿದ್ದಾನೆ, ಆ ಹೆಚ್ಚಳವನ್ನು ಗುಣಿಸಲು ಅವನ ಮಟ್ಟಕ್ಕೆ ಅನ್ವಯಿಸುವ ಗುಣಕ 10 ಆದ್ದರಿಂದ ರೇಟಿಂಗ್ ಸುಮಾರು ಏಳು ಅಂಕ ಏರುತ್ತದೆ. ಎರಡನೆಯವನಿಗೆ 220 ಅಂಕ ಕೆಳಗಿನವರ ಎದುರು ನಿರೀಕ್ಷೆ ಆಟಕ್ಕೆ 0.78, ಒಂಬತ್ತಕ್ಕೆ 7.02. ಏಳು ಅಂಕಗಳನ್ನು ಪಡೆದೂ ಅವನ ರೇಟಿಂಗ್ ಇದ್ದಲ್ಲಿಯೇ ಇರುತ್ತದೆ. ಆ ಆಟಗಳಲ್ಲಿ ಎಷ್ಟು ರೇಟಿಂಗ್‌ನವನಂತೆ ಆಡಿದ ಎಂದು ತೋರಿಸುವ ‘ಪರ್ಫಾರ್ಮೆನ್ಸ್’ ಎಂಬ ಕಾಲಂನಲ್ಲಿ ಮೊದಲನೆಯವನ ಎದುರು 2640, ಎರಡನೆಯವನ ಎದುರು 2400 ಎಂದು ಕಾಣುತ್ತದೆ. ಮೊದಲನೆಯವನು ತನ್ನ ಮಟ್ಟವನ್ನು ಮೀರಿ ಆಡಿದ್ದಾನೆ, ಎರಡನೆಯವನು ತನ್ನ ಮಟ್ಟಕ್ಕೆ ಸರಿಯಾಗಿ ಆಡಿದ್ದಾನೆ.

ಇದಕ್ಕೆ ನಮ್ಮೆಲ್ಲರಿಗೂ ನೆನಪಿರುವ ಉದಾಹರಣೆ 2024ರ ಬುಡಾಪೆಸ್ಟ್ ಒಲಿಂಪಿಯಾಡ್. ಅಲ್ಲಿ ಅರ್ಜುನ್ ಎರಿಗೈಸಿ ಮೂರನೆಯ ಬೋರ್ಡ್‌ನಲ್ಲಿ 11ಕ್ಕೆ 10 ಅಂಕ ಪಡೆದರು, ಗುಕೇಶ್ ಮೊದಲ ಬೋರ್ಡ್‌ನಲ್ಲಿ 10ಕ್ಕೆ 9 ಪಡೆದರು. ಶೇಕಡಾವಾರು ನೋಡಿದರೆ ಅರ್ಜುನ್ ಕೂದಲೆಳೆಯಷ್ಟು ಮುಂದೆ. ಆದರೆ ಗುಕೇಶ್ ಅವರ ಪರ್ಫಾರ್ಮೆನ್ಸ್ 3056, ಅರ್ಜುನ್ ಅವರದು 2968. ಮೊದಲ ಬೋರ್ಡ್‌ನಲ್ಲಿ ಎದುರು ಕುಳಿತವರು ಯಾರು ಎನ್ನುವುದೇ ಆ ವ್ಯತ್ಯಾಸಕ್ಕೆ ಕಾರಣ. ಇಬ್ಬರಿಗೂ ಅವರವರ ಬೋರ್ಡ್‌ನ ಚಿನ್ನದ ಪದಕ ಬಂತು, ಅದು ಸಲ್ಲಬೇಕಾದದ್ದೇ ಆಗಿತ್ತು.

ಫ್ರಾನ್ಸಿನ ಪಟ್ಟಿಯಲ್ಲಿ ಮಾತ್ರ ಬೋರ್ಡ್ ಸಂಖ್ಯೆಯನ್ನು ಪೂರ್ತಿ ನಂಬುವಂತಿಲ್ಲ. ರೇಟಿಂಗ್ ವ್ಯತ್ಯಾಸ 100 ಅಂಕಗಳನ್ನು ಮೀರದಿದ್ದರೆ ನಾಯಕ ಇಬ್ಬರನ್ನು ಹಿಂದು ಮುಂದು ಮಾಡಬಹುದು. ಪ್ರಬಲ ಎದುರಾಳಿಯ ಮುಂದೆ ತುಸು ಕೆಳಗಿನವನನ್ನು ಕೂರಿಸಿ, ತನ್ನ ಪ್ರಬಲ ಆಟಗಾರನನ್ನು ಕೆಳಗೆ ಗೆಲುವಿಗಾಗಿ ಇಳಿಸುವ ತಂತ್ರ ಸಾಮಾನ್ಯವಾದದ್ದು. ಮೇಲೆ ಕೂತವನು ಸೋತು ಸೋತು 9ಕ್ಕೆ 2 ಅಂಕ ಪಡೆದರೂ ತಂಡ ಅವನಿಗೆ ಕೃತಜ್ಞವಾಗಿರುತ್ತದೆ. ಆದ್ದರಿಂದ ಬೋರ್ಡ್ ಯಾವುದು ಎನ್ನುವುದಕ್ಕಿಂತ ಎದುರಾಳಿಗಳ ರೇಟಿಂಗ್‌ಗಳನ್ನು ಒಂದೊಂದಾಗಿ ನೋಡುವುದು ಸರಿಯಾದ ದಾರಿ. ಹಾಗೆಯೇ ಬಣ್ಣವನ್ನೂ ನೋಡಿ. ಪಟ್ಟಿಯಲ್ಲಿ ಮೊದಲು ಹೆಸರಿಸಿದ ತಂಡಕ್ಕೆ ಬೆಸ ಸಂಖ್ಯೆಯ ಬೋರ್ಡ್‌ಗಳಲ್ಲಿ ಬಿಳಿ ಕಾಯಿ, ಸಮ ಸಂಖ್ಯೆಯವುಗಳಲ್ಲಿ ಕಪ್ಪು. ತಂಡದಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎನ್ನುವುದರ ಮೇಲೆ ಒಬ್ಬನ ಸ್ಥಾನ ಮೂರರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ ಜರುಗುತ್ತಲೇ ಇರುತ್ತದೆ, ಇದರಿಂದ ಸತತವಾಗಿ ನಾಲ್ಕು ಸಲ ಕಪ್ಪು ಕಾಯಿ ಬಂದವರೂ ಇದ್ದಾರೆ. ಉನ್ನತ ಮಟ್ಟದಲ್ಲಿ ಮೊದಲ ನಡೆಯ ಅನುಕೂಲ ಸಣ್ಣದಲ್ಲ.

ಕಿರಿಯ ಆಟಗಾರರ ವಿಷಯದಲ್ಲಿ ‘ಎಷ್ಟು ಆಟ’ ಎನ್ನುವ ಕಾಲಂ ಬೇರೆಯೇ ಕಥೆ ಹೇಳುತ್ತದೆ. ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಬೇಕಾದ ಅರ್ಹತಾ ಸಾಧನೆಯಾದ ನಾರ್ಮ್‌ಗೆ ಸಾಮಾನ್ಯವಾಗಿ ಒಂಬತ್ತು ಆಟ ಬೇಕು, ಪರ್ಫಾರ್ಮೆನ್ಸ್ 2600 ಮುಟ್ಟಬೇಕು, ಎದುರಾಳಿಗಳಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳೂ ಇರಬೇಕು. ಇಂಥ ಬಲವಾದ ಲೀಗ್‌ನಲ್ಲಿ ಎಂಟು ಆಟ ಚೆನ್ನಾಗಿ ಆಡಿದ ಹುಡುಗನಿಗೆ ಒಂಬತ್ತನೆಯ ಅವಕಾಶ ಕೊಡಬೇಕೇ, ಅಥವಾ ನಿರ್ಣಾಯಕ ಸುತ್ತಿನಲ್ಲಿ ಅನುಭವಿಯೊಬ್ಬನನ್ನು ಕೂರಿಸಬೇಕೇ ಎನ್ನುವುದು ನಾಯಕನ ಮುಂದಿರುವ ಬಹಳ ಕಷ್ಟದ ತೀರ್ಮಾನ. ಯಾವುದೇ ಕ್ಲಬ್ಬಿನ ಸಾಲಿನಲ್ಲಿ 19 ವರ್ಷದವನೊಬ್ಬನ ಎದುರು ಸರಿಯಾಗಿ ಒಂಬತ್ತು ಆಟಗಳಿರುವುದನ್ನು ಕಂಡಾಗ, ಆ ಕ್ಲಬ್ ಅವನಿಗಾಗಿ ಏನನ್ನೋ ಪಣಕ್ಕಿಟ್ಟಿರಬಹುದು ಎಂದು ನನಗೆ ಅನ್ನಿಸುತ್ತದೆ, ಮನಸ್ಸು ತುಂಬಿ ಬರುತ್ತದೆ.

ಎರಡು ಲೆಕ್ಕಗಳ ಮಾತನ್ನು ಮೇಲೆ ಹೇಳಿದೆನಲ್ಲ, ಅದು ಒಂದೇ ಆಟದಲ್ಲಿ ಹೇಗೆ ಎದುರುಬದುರಾಗುತ್ತದೆ ಎನ್ನುವುದನ್ನು ನನ್ನದೇ ಪಂದ್ಯದಿಂದ ಹೇಳುತ್ತೇನೆ. ನಾಸಿಯೊನಾಲ್ 4ರ ಒಂದು ಭಾನುವಾರ, ನಾನು ಏಳನೆಯ ಬೋರ್ಡ್‌ನಲ್ಲಿದ್ದೆ. ನನ್ನ ರೇಟಿಂಗ್ ಆಗ 1800, ಎದುರಾಳಿಯದು 1650. ಮಧ್ಯಾಹ್ನ ಎರಡೂಕಾಲಕ್ಕೆ ಶುರುವಾದ ಪಂದ್ಯದಲ್ಲಿ ಸಂಜೆ ಆರೂವರೆಯ ಹೊತ್ತಿಗೆ ಉಳಿದಿದ್ದುದು ನನ್ನ ಆಟ ಒಂದೇ. ನಾಲ್ಕು ಆಟ ಡ್ರಾ ಆಗಿದ್ದವು, ನಾವು ಎರಡು ಗೆದ್ದು ಒಂದನ್ನು ಸೋತಿದ್ದೆವು. ಹಾಳೆಯ ಮೇಲೆ 2–1. ನನ್ನ ಬಳಿ ಒಂದು ಆನೆ, ನಾಲ್ಕು ಪದಾತಿಗಳು. ಅವರ ಬಳಿ ಒಂದು ಆನೆ, ಮೂರು ಪದಾತಿಗಳು, ಎಲ್ಲವೂ ರಾಜನ ಬದಿಯಲ್ಲಿಯೇ. ಒಂದು ಪದಾತಿ ಹೆಚ್ಚಿದ್ದರೂ ಗೆಲ್ಲುವುದು ಬಹಳ ಕಷ್ಟ ಎಂದು ಪುಸ್ತಕಗಳು ಹೇಳುವ ಸ್ಥಿತಿ ಅದು. ಆದರೂ ಕೆಳಗಿನ ಮಟ್ಟದಲ್ಲಿ ಎದುರಾಳಿ ತಪ್ಪುವುದುಂಟು, ಗಡಿಯಾರದಲ್ಲಿ ಅವರಿಗೆ ನಾಲ್ಕು ನಿಮಿಷ ಮಾತ್ರ ಉಳಿದಿತ್ತು. ಅವರು ಡ್ರಾ ಕೇಳಿದರು.

ನಾನು ನಾಯಕರ ಕಡೆಗೆ ನೋಡಿದೆ. ಡ್ರಾ ಒಪ್ಪಬಹುದೇ ಎಂದು ಕೇಳಿದಾಗ ಹೌದು ಅಥವಾ ಇಲ್ಲ ಎನ್ನುವುದಕ್ಕೆ ಮಾತ್ರ ನಾಯಕನಿಗೆ ಅವಕಾಶ. ಬೋರ್ಡ್‌ನ ಸ್ಥಿತಿಯ ಬಗ್ಗೆ ಒಂದು ಅಕ್ಷರವನ್ನೂ ಆಡುವಂತಿಲ್ಲ. ಅವರು ಹಾಳೆಯನ್ನು ಒಮ್ಮೆ ನೋಡಿ, “ವಿ” ಎಂದರು, ಹೌದು ಎಂದು. ನಾನು ಕೈ ಕುಲುಕಿದೆ. ನನ್ನ ಬೋರ್ಡ್‌ನ ಎದುರು ‘ಎಕ್ಸ್’ ಬಿತ್ತು, ಪಂದ್ಯ 2–1ರಲ್ಲಿಯೇ ನಿಂತಿತು, ಕ್ಲಬ್ಬಿಗೆ ಮೂರು ಅಂಕ ಬಂತು. ನನ್ನ ಸ್ವಂತ ಸಾಲಿನಲ್ಲಿ 150 ಅಂಕ ಕೆಳಗಿನವರ ಎದುರು ನಿರೀಕ್ಷೆ 0.70 ಇದ್ದಲ್ಲಿ ಅರ್ಧ ಅಂಕ ಬಂದಿತ್ತು. ನನ್ನ ಗುಣಕ 20 ಆದ್ದರಿಂದ ನಾಲ್ಕು ರೇಟಿಂಗ್ ಅಂಕಗಳು ಹೋದವು. ಮುಂದಿನ ತಿಂಗಳು ಪಟ್ಟಿ ಬಂದಾಗ 1796 ಎಂದಿತ್ತು. ಯಾರಾದರೂ ಅದೊಂದನ್ನೇ ನೋಡಿದ್ದರೆ ಆ ದಿನ ನಾನು ಕೆಟ್ಟದಾಗಿ ಆಡಿದೆ ಎಂದೇ ಬರೆಯುತ್ತಿದ್ದರು. ನೀವು ಓದುತ್ತಿರುವ ಪಟ್ಟಿಯಲ್ಲಿ ತನಗಿಂತ ಕೆಳಗಿನವನೊಂದಿಗೆ ಡ್ರಾ ಮಾಡಿಕೊಂಡ ಗ್ರ್ಯಾಂಡ್‌ಮಾಸ್ಟರ್ ಕಂಡರೆ, ಆ ಪಂದ್ಯದ ಒಟ್ಟು ಫಲಿತಾಂಶವನ್ನೂ ಅದರ ಪಕ್ಕದಲ್ಲಿಟ್ಟು ನೋಡಿ. ಗೆಲುವಿನ ಅಂತರ ಒಂದೇ ಆಗಿದ್ದರೆ, ಅವನೂ ತನ್ನ ನಾಯಕನ ಕಡೆಗೆ ಒಮ್ಮೆ ನೋಡಿರುವ ಸಾಧ್ಯತೆ ಹೆಚ್ಚು.